ಸುಂಕ, ಬೆಲೆ, ಬಾಡಿಗೆ, ಕಾಣಿಕೆ: ಅಂತರ್ಜಾಲದ ವೃತ್ತಪತ್ರಿಕೆಗಳ ಚಂದಾ ಪದ್ಧತಿಯ ವಿಮರ್ಶೆ

ಅಂತರ್ಜಾಲದಲ್ಲಿ ಪ್ರಕಟವಾಗುವ ವೃತ್ತಪತ್ರಿಕೆಗಳು ವಾಚಕರಿಂದ ಹಣವನ್ನು ಕೇಳತೊಡಗಿದಂದಿನಿಂದ ಹುಟ್ಟಿರುವ ಚರ್ಚೆಯಲ್ಲಿ ಎರಡು ಪಕ್ಷಗಳು ಕಾಣಬರುತ್ತವೆ. ಸುದ್ದಿಯೆಂಬುದು ಗಾಳಿ ನೀರುಗಳಂತೆ ಸರ್ವರಿಗೂ ಸಲ್ಲತಕ್ಕದ್ದು, ಅದಕ್ಕೆ ತಡೆಯೊಡ್ಡುವುದು ಪ್ರಜಾಪ್ರಭುತ್ವಕ್ಕೆ ಹಾನಿಕರವೆಂಬುದು ಒಂದು ಪಕ್ಷ. ಬರೆಯುವವನ ಹೊಟ್ಟೆ ತುಂಬದೆ ಬರಹ ಹುಟ್ಟದು, ಆದಕಾರಣ ಓದುವವನು ಹಣ ತೆರುವುದೇ ನ್ಯಾಯವೆಂಬುದು ಇನ್ನೊಂದು ಪಕ್ಷ. ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ ಉಭಯ ಪಕ್ಷದವರೂ ‘ಹಣ’ವೆಂಬ ಒಂದೇ ಮಾತಿನಲ್ಲಿ ಬೇರೆಬೇರೆಯಾದ ನಾಲ್ಕು ಅರ್ಥಗಳನ್ನು ಬೆರಸಿಬಿಡುತ್ತಾರೆ. ಸುಂಕ, ಬೆಲೆ, ಬಾಡಿಗೆ, ಕಾಣಿಕೆ ಎಂಬ ನಾಲ್ಕು ಮಾತುಗಳು ಕನ್ನಡದಲ್ಲಿ ಹಿಂದಿನಿಂದಲೂ ರೂಢಿಯಲ್ಲಿವೆ. ನಾಲ್ಕರಲ್ಲಿಯೂ ಕೈಯಿಂದ ಹಣ ಹೋಗುವುದು ಸಮಾನ, ಕೊಟ್ಟವನಿಗೆ ದೊರೆಯುವುದು ಮಾತ್ರ ಸಮಾನವಲ್ಲ. ಈ ಭೇದವನ್ನು ಗ್ರಹಿಸಿದ ಹೊರತು ಚಂದಾ ಪದ್ಧತಿಯ ಗುಣದೋಷಗಳನ್ನು ನಿರ್ಣಯಿಸುವುದು ಸಾಧ್ಯವಿಲ್ಲ.

ಮೊದಲನೆಯದು ಸುಂಕ. ಇಂಗ್ಲೆಂಡಿನಲ್ಲಿ 1712ರಲ್ಲಿ ವೃತ್ತಪತ್ರಿಕೆಗಳ ಮೇಲೆ ಮುದ್ರಾಶುಲ್ಕವನ್ನು ವಿಧಿಸಲಾಯಿತು. 1815ರಲ್ಲಿ ಅದು ಪ್ರತಿಯೊಂದಕ್ಕೆ 4 ಪೆನ್ನಿಗೆ ಏರಿತು. ಬೊಕ್ಕಸವನ್ನು ತುಂಬುವುದರ ಜೊತೆಗೆ, ಅಗ್ಗದ ಪತ್ರಿಕೆಗಳು ಬಡವರ ಕೈಗೆ ಸಿಕ್ಕದಂತೆ ನೋಡಿಕೊಳ್ಳುವುದೂ ಅದರ ಉದ್ದೇಶವಾಗಿದ್ದಿತು. ವಿರೋಧಿಗಳು ಇದನ್ನು ‘ಜ್ಞಾನದ ಮೇಲಣ ತೆರಿಗೆ’ ಎಂದು ಕರೆದು ದೀರ್ಘಕಾಲ ಹೋರಾಡಿದರು. ಅದು 1836ರಲ್ಲಿ 1 ಪೆನ್ನಿಗೆ ಇಳಿದು, 1855ರಲ್ಲಿ ರದ್ದಾಯಿತು. ಜಾಹೀರಾತುಗಳ ಮೇಲಣ ತೆರಿಗೆ 1853ರಲ್ಲಿಯೂ, ಕಾಗದದ ಮೇಲಣ ತೆರಿಗೆ 1861ರಲ್ಲಿಯೂ ಹೋದವು. ಇಂದಿನ ಚಂದಾ ಪದ್ಧತಿಯನ್ನು ವಿರೋಧಿಸುವವರು ಅದನ್ನೂ ಸುಂಕದಕಟ್ಟೆಯೆಂದು ಹಳಿಯುವುದುಂಟು. ಆ ಮಾತಿಗೆ ಬಿರುಸುಂಟು, ಖಚಿತತೆಯಿಲ್ಲ. ಸುಂಕದ ಹಣ ರಾಜ್ಯಕ್ಕೆ ಸೇರಿತೇ ಹೊರತು ಬರೆದವನಿಗಾಗಲಿ ಅಚ್ಚುಹಾಕಿದವನಿಗಾಗಲಿ ಸೇರಲಿಲ್ಲ. ಚಂದಾಹಣವಾದರೋ ಪತ್ರಿಕೆಗೇ ಸೇರುತ್ತದೆ. ಆದರೂ ಒಂದು ಸಾದೃಶ್ಯವನ್ನು ಅಲ್ಲಗಳೆಯುವಂತಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆಯಂತೆ, ಯಂತ್ರವು ಕಾಯುವ ಬಾಗಿಲಲ್ಲಿಯೂ ಬಡ ವಿದ್ಯಾರ್ಥಿಗೂ ಧನಿಕನಿಗೂ ಭೇದವಿಲ್ಲ.

ಎರಡನೆಯದು ಬೆಲೆ. 1833ರಲ್ಲಿ ಬೆಂಜಮಿನ್ ಡೇ ಎಂಬಾತನು ನ್ಯೂಯಾರ್ಕಿನಲ್ಲಿ ‘ದಿ ಸನ್’ ಪತ್ರಿಕೆಯನ್ನು 1 ಸೆಂಟಿಗೆ ಮಾರತೊಡಗಿದನು. ಆಗ ಇತರ ಪತ್ರಿಕೆಗಳ ಬೆಲೆ 6 ಸೆಂಟು. ಅಷ್ಟು ಅಗ್ಗದ ಬೆಲೆಯಿಂದ ಮಾತ್ರವೇ ಪತ್ರಿಕೆ ನಡೆಯಲಾರದು. ವಾಚಕರ ಸಂಖ್ಯೆ ಬೆಳೆದಂತೆ ಜಾಹೀರಾತುದಾರರು ಬಂದು ವೆಚ್ಚದ ಬಹುಭಾಗವನ್ನು ಹೊತ್ತರು. ಸುದ್ದಿಯು ಅಗ್ಗದ ವಸ್ತುವೆಂಬ ಭಾವನೆ ಬೇರೂರಿದುದು ಈ ಏರ್ಪಾಡಿನಿಂದ. ವಾಚಕನು ತಾನೇ ಪತ್ರಿಕೆಯನ್ನು ಸಾಕುತ್ತಿರುವೆನೆಂದು ತಿಳಿದನು. ಅದನ್ನು ಸಾಕುತ್ತಿದ್ದವರು ಬೇರೆಯವರು. ಆದರೆ ಈ ಅಲ್ಪವಾದ ಬೆಲೆಗೆ ಒಂದು ಮಹತ್ತರವಾದ ಗುಣವಿದ್ದಿತು. ಕೊಂಡ ಪತ್ರಿಕೆ ಕೊಂಡವನ ಸ್ವತ್ತು. ಅವನು ಅದನ್ನು ನೆರೆಯವನಿಗೆ ಕೊಡಬಹುದು, ಜಗಲಿಯ ಮೇಲೆ ಕುಳಿತು ಓದುಬಾರದವರಿಗೆ ಓದಿ ಹೇಳಬಹುದು, ವಾಚನಾಲಯವು ಅದನ್ನು ರಟ್ಟುಕಟ್ಟಿಸಿ ಇಡಬಹುದು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಿದ ‘ಮಂಗಳೂರ ಸಮಾಚಾರ’ದ ವಿಷಯವಾಗಿ ವಿದ್ವಾಂಸರು ಇಂದು ಬರೆಯಬಲ್ಲವರಾಗಿದ್ದರೆ, ಅದಕ್ಕೆ ಕಾರಣ ಆ ಹಾಳೆಗಳು ಯಾರಯಾರದೋ ಕೈಯಲ್ಲಿ ಉಳಿದುದೇ ಆಗಿದೆ.

ಜಾಹೀರಾತಿನ ಆಧಾರವು ಅಂತರ್ಜಾಲದ ಕಾಲದಲ್ಲಿ ಕುಸಿಯಿತು. ಅಮೆರಿಕದ ವೃತ್ತಪತ್ರಿಕೆಗಳಿಗೆ 2005ರಲ್ಲಿ ಜಾಹೀರಾತಿನಿಂದ ಸುಮಾರು 49 ಶತಕೋಟಿ ಡಾಲರು ಬರುತ್ತಿದ್ದಿತು. 2020ರ ವೇಳೆಗೆ ಅದು 10 ಶತಕೋಟಿಗೂ ಕೆಳಕ್ಕೆ ಇಳಿಯಿತು. ಆಗ ಪತ್ರಿಕೆಗಳು ಮರೆತಿದ್ದ ವಾಚಕನನ್ನು ಮತ್ತೆ ನೆನೆದುವು. ‘ದಿ ನ್ಯೂಯಾರ್ಕ್ ಟೈಮ್ಸ್’ 2005ರಲ್ಲಿ ತನ್ನ ಅಂಕಣಕಾರರ ಬರಹಗಳಿಗೆ ವರ್ಷಕ್ಕೆ 49.95 ಡಾಲರು ಚಂದಾ ವಿಧಿಸಿ, 2,27,000 ಮಂದಿ ಹಣ ಕೊಡುತ್ತಿದ್ದಾಗಲೇ 2007ರಲ್ಲಿ ಅದನ್ನು ಕೈಬಿಟ್ಟಿತು. ಮುಚ್ಚಿದ ಬಾಗಿಲಿನ ಚಂದಾಕ್ಕಿಂತ ತೆರೆದ ಬಾಗಿಲಿನ ಜಾಹೀರಾತು ಲಾಭಕರವೆಂದು ಆಗ ತೋರಿತು. 2011ರಲ್ಲಿ ತಿಂಗಳಿಗೆ 20 ಲೇಖನಗಳು ಉಚಿತ, ಅದರ ಮೇಲೆ ಚಂದಾ ಎಂಬ ಮಿತಿಯ ಪದ್ಧತಿ ಬಂದಿತು. ಮರುವರ್ಷ ಆ ಮಿತಿ 10ಕ್ಕೆ ಇಳಿಯಿತು. 2012ರಲ್ಲಿ ಆ ಸಂಸ್ಥೆಗೆ ವಾಚಕರಿಂದ ಬಂದ ಹಣವು ಜಾಹೀರಾತಿನ ಹಣವನ್ನು ಮೀರಿತು. 2023ರ ಕೊನೆಗೆ ಚಂದಾದಾರರು ಒಂದು ಕೋಟಿಯನ್ನು ದಾಟಿದ್ದರು. ಲಂಡನ್ನಿನ ‘ದಿ ಟೈಮ್ಸ್’ 2010ರಲ್ಲಿ ಒಂದು ಲೇಖನವನ್ನೂ ಉಚಿತವಾಗಿ ಬಿಡದೆ ಪೂರ್ಣವಾಗಿ ಬಾಗಿಲು ಹಾಕಿತು. ಅದರ ಸೋದರ ಪತ್ರಿಕೆಯಾದ ಲಂಡನ್ನಿನ ‘ದಿ ಸನ್’ 2013ರಲ್ಲಿ ಹಾಗೆಯೇ ಮಾಡಿ, 2015ರಲ್ಲಿ ಬಾಗಿಲನ್ನು ತೆರೆಯಬೇಕಾಯಿತು. ಅನ್ಯತ್ರ ಪುಕ್ಕಟೆ ದೊರೆಯುವುದಕ್ಕೆ ವಾಚಕನು ಹಣ ಕೊಡನು, ಬೇರೆಲ್ಲಿಯೂ ದೊರೆಯದ ಶ್ರಮದ ಬರಹಕ್ಕೆ ಕೊಡುವನು ಎಂಬುದು ಈ ಉದಾಹರಣೆಗಳಿಂದ ಹೊರಡುವ ತಾತ್ಪರ್ಯ. ಚಂದಾ ಪದ್ಧತಿಯ ಪರವಾಗಿ ಹೇಳತಕ್ಕ ಅತ್ಯಂತ ಬಲವಾದ ಮಾತೂ ಇದೇ. ಅದು ಬರಹದ ಯೋಗ್ಯತೆಗೆ ಮನ್ನಣೆ ಕೊಡುತ್ತದೆ.

ಆದರೆ ಹೀಗೆ ಕೊಡುವ ಹಣವು ಬೆಲೆಯಲ್ಲ, ಬಾಡಿಗೆ. ಚಂದಾ ಮುಗಿದ ದಿನ ಹತ್ತು ವರ್ಷ ಹಣ ತೆತ್ತವನ ಕೈಯಲ್ಲಿಯೂ ಒಂದು ಹಾಳೆ ಉಳಿಯುವುದಿಲ್ಲ. ಓದಿದುದನ್ನು ನೆರೆಯವನಿಗೆ ದಾಟಿಸುವ ಸ್ವಾತಂತ್ರ್ಯ ಪ್ರಕಾಶಕನು ಅನುಗ್ರಹಿಸಿದಷ್ಟೇ. ನಿನ್ನೆಯ ಲೇಖನವು ಇಂದು ತಿದ್ದಲ್ಪಟ್ಟರೆ ಹಳೆಯ ಪಾಠವನ್ನು ತೋರಿಸಲು ವಾಚಕನಲ್ಲಿ ಆಧಾರವಿಲ್ಲ. ಪಾಠಾಂತರಗಳನ್ನು ಹುಡುಕಿ ಶೋಧಿಸುವ ವಿದ್ವಾಂಸನಿಗೆ ಇದಕ್ಕಿಂತ ದೊಡ್ಡ ಹಾನಿ ಇಲ್ಲ. ಭಾರತದಲ್ಲಿ 1954ರ ಗ್ರಂಥಪ್ರದಾನ ಶಾಸನವು 1956ರ ತಿದ್ದುಪಡಿಯಿಂದ ವೃತ್ತಪತ್ರಿಕೆಗಳಿಗೂ ಅನ್ವಯಿಸಿತು. ಆದರೆ ಅದನ್ನು ರಚಿಸಿದವರ ಕಣ್ಣಮುಂದೆ ಇದ್ದುದು ಅಚ್ಚಾದ ಹಾಳೆ. ಬ್ರಿಟನ್ನಿನಲ್ಲಿ 2013ರ ನಿಯಮಗಳ ಮೂಲಕ ಅಚ್ಚಾಗದ ಪ್ರಕಟಣೆಗಳನ್ನೂ ನಿಯುಕ್ತ ಗ್ರಂಥಾಲಯಗಳು ಸಂಗ್ರಹಿಸಿಡುವ ಅಧಿಕಾರ ಪಡೆದುವು. ಚಂದಾದ ಬಾಗಿಲು ಹಾಕುವ ದೇಶವು ಅದರೊಳಗಿನದನ್ನು ಕಾಪಾಡುವ ಏರ್ಪಾಡನ್ನೂ ಮಾಡಿಕೊಳ್ಳುವುದು ವಿಹಿತವೆಂಬುದಕ್ಕೆ ಅದು ಸಾಕ್ಷಿ.

ಚಂದಾದಿಂದ ಪತ್ರಿಕೆಯು ಜಾಹೀರಾತುದಾರನ ಹಂಗಿನಿಂದ ಪಾರಾಗುವುದೆಂಬ ವಾದವನ್ನೂ ಪರೀಕ್ಷಿಸತಕ್ಕದ್ದು. ಹಂಗು ಹೋಗುವುದಿಲ್ಲ, ಒಡೆಯನು ಬದಲಾಗುತ್ತಾನೆ. ಹಣ ಕೊಡುವ ವಾಚಕನ ಅಭಿರುಚಿ ಅಭಿಪ್ರಾಯಗಳಿಗೆ ಒಪ್ಪುವುದನ್ನೇ ಬರೆಯುವ ಪ್ರಲೋಭನೆ ಹುಟ್ಟುತ್ತದೆ. ಹಣ ಕೊಡಲಾರದವನ ಕೇರಿಯ ನೀರಿನ ಕಷ್ಟವು ಸುದ್ದಿಯೆನಿಸಿಕೊಳ್ಳಲು ಇನ್ನಷ್ಟು ಪ್ರಯಾಸ ಪಡಬೇಕಾಗುತ್ತದೆ. ಅತ್ತ ಬಾಗಿಲಿನ ಹೊರಗೆ ಉಳಿದವನಿಗೆ ಸುಳ್ಳು ಸುದ್ದಿಯಾದರೋ ಯಾವ ಚಂದಾವೂ ಇಲ್ಲದೆ ಬಂದು ಮುಟ್ಟುತ್ತದೆ. 2020ರ ಮಹಾಮಾರಿಯ ಆರಂಭದಲ್ಲಿ ‘ದಿ ನ್ಯೂಯಾರ್ಕ್ ಟೈಮ್ಸ್’ ಮೊದಲಾದ ಪತ್ರಿಕೆಗಳು ರೋಗಕ್ಕೆ ಸಂಬಂಧಿಸಿದ ಬರಹಗಳನ್ನು ಎಲ್ಲರಿಗೂ ತೆರೆದಿಟ್ಟುವು. ಅದು ಶ್ಲಾಘ್ಯವಾದ ಕಾರ್ಯ. ಆದರೆ ಆ ವಿನಾಯಿತಿಯೇ ಒಂದು ಒಪ್ಪಿಗೆಯೂ ಆಗಿದೆ. ಹಣ ಕೇಳಬಾರದ ಸುದ್ದಿಯೂ ಉಂಟೆಂದು ಪ್ರಕಾಶಕರೇ ಒಪ್ಪಿದ ಮೇಲೆ, ಗೆರೆಯನ್ನು ಎಲ್ಲಿ ಎಳೆಯುವುದೆಂಬ ಪ್ರಶ್ನೆಯಷ್ಟೇ ಉಳಿಯುತ್ತದೆ. ಮಹಾಮಾರಿಗೆ ಸಲ್ಲುವ ನ್ಯಾಯವು ನೆರೆಗೂ, ಚುನಾವಣೆಗೂ, ಒಂದೇ ಊರಿನ ಕೆಟ್ಟ ಬಾವಿಗೂ ಸಲ್ಲಬೇಡವೆ?

ನಾಲ್ಕನೆಯದು ಕಾಣಿಕೆ. ‘ದಿ ಗಾರ್ಡಿಯನ್’ ಓದಿಗೆ ತಡೆಯೊಡ್ಡದೆ, ಶಕ್ತಿಯುಳ್ಳವರು ಕೊಡಿರೆಂದು ಬೇಡುವ ಮಾರ್ಗವನ್ನು ಹಿಡಿಯಿತು. ಮೂರು ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಮೀರಿದ ವಾಚಕರು ನೆರವಿತ್ತರೆಂದು 2018ರಲ್ಲಿ ಅದು ಪ್ರಕಟಿಸಿತು. ಕೊಟ್ಟವನ ಹಣದಿಂದ ಕೊಡದವನೂ ಓದುವ ಈ ಪದ್ಧತಿಯಲ್ಲಿ ಅನ್ನಸತ್ರದ ಧರ್ಮವುಂಟು. ಆದರೆ ಆ ಪತ್ರಿಕೆಯ ಹಿಂದೆ 1936ರಲ್ಲಿ ಸ್ಥಾಪಿತವಾದ ಸ್ಕಾಟ್ ಟ್ರಸ್ಟಿನ ಸಂಪತ್ತು ನಿಂತಿರುವುದನ್ನು ಮರೆಯಬಾರದು. ಮೂಲಧನವೂ ಇಲ್ಲದ, ಲೋಕವ್ಯಾಪಿಯಾದ ಭಾಷೆಯೂ ಇಲ್ಲದ ಜಿಲ್ಲಾ ಪತ್ರಿಕೆಯು ಹುಂಡಿಯನ್ನು ಮಾತ್ರ ನಂಬಿ ದಿನಗಳೆಯುವುದು ಕಷ್ಟ.

ಹೀಗಿರಲು ಹಣ ಕೇಳುವುದೇ ತಪ್ಪೆಂಬ ಪಕ್ಷವು ನಿಲ್ಲುವುದಿಲ್ಲ. ಕೇಳುವ ಕ್ರಮವೆಲ್ಲವೂ ಸರಿಯೆಂಬ ಪಕ್ಷವೂ ನಿಲ್ಲುವುದಿಲ್ಲ. ಹಳೆಯ ಬೆಲೆಗಿದ್ದ ಮೂರು ಗುಣಗಳು, ಎಂದರೆ ಹಂಚಿಕೊಳ್ಳುವಿಕೆ, ಉಳಿಯುವಿಕೆ, ಕೂಡಿ ಓದುವಿಕೆ, ಹೊಸ ಬಾಡಿಗೆಗೆ ಸೇರುವವರೆಗೂ ಅದು ಅರೆನ್ಯಾಯವೇ. ಇದಕ್ಕೆ ಮಾರ್ಗವಿಲ್ಲದೆ ಇಲ್ಲ. ಕರ್ನಾಟಕದ 1965ರ ಸಾರ್ವಜನಿಕ ಗ್ರಂಥಾಲಯ ಶಾಸನದಂತೆ ಆಸ್ತಿತೆರಿಗೆಯೊಡನೆ ಗ್ರಂಥಾಲಯದ ಕರವೂ ವಸೂಲಾಗುತ್ತದೆ. ಅಚ್ಚಿನ ಪತ್ರಿಕೆಯನ್ನು ಊರಿನ ಪರವಾಗಿ ಕೊಂಡು ಮೇಜಿನ ಮೇಲೆ ಹರವುವ ವಾಚನಾಲಯವು ಅಂತರ್ಜಾಲದ ಪತ್ರಿಕೆಗೂ ಊರಿನ ಪರವಾಗಿ ಚಂದಾದಾರನಾದರೆ, ಬರೆದವನಿಗೆ ಕೂಲಿಯೂ ಬಡವನಿಗೆ ಸುದ್ದಿಯೂ ಏಕಕಾಲದಲ್ಲಿ ದೊರೆಯುವುವು. ಪ್ರಕಾಶಕರು ಅಂಥ ಚಂದಾವನ್ನು ಸಾಧ್ಯವಾದ ದರದಲ್ಲಿ ಒದಗಿಸುವುದೂ, ಹಳೆಯ ಸಂಚಿಕೆಗಳನ್ನು ಸಂಶೋಧಕರಿಗೆ ತೆರೆದಿಡುವುದೂ ಅವರ ವೃತ್ತಿಧರ್ಮಕ್ಕೆ ಸೇರಿದ ಮಾತು. ಒಬ್ಬನೇ ತೆತ್ತು ಒಬ್ಬನೇ ಓದುವುದು ವ್ಯಾಪಾರ. ಊರು ತೆತ್ತು ಊರು ಓದಿದಾಗಲೇ ವೃತ್ತಪತ್ರಿಕೆಯು ಸಾರ್ವಜನಿಕ ಸಂಸ್ಥೆಯೆಂಬ ಹೆಸರಿಗೆ ಅರ್ಹವಾಗುವುದು.