ಮಳೆ ಬಂದಿದೆ, ಮಳೆ ಬರ್ತಾ ಇದೆ

ಬೆಂಗಳೂರಿನ ಹನುಮಂತನಗರದ 50 ಅಡಿ ರಸ್ತೆಯಲ್ಲಿ ಸಂಜೆ ಬಸ್ಸಿಳಿದವರು ಒದ್ದೆ ನೆಲ ನೋಡಿ "ಓ, ಇಲ್ಲಿ ಮಳೆ ಬಂದಿದೆ" ಎನ್ನುತ್ತಾರೆ. ಇನ್ನೊಂದು ದಿನ ರಾಮಾಂಜನೇಯ ಗುಡ್ಡದ ಬುಡದಲ್ಲಿ ಅಂಗಡಿಯೊಂದರ ಸೂರಿನಡಿ ಸಿಕ್ಕಿಕೊಂಡ ಹುಡುಗ ಮನೆಗೆ ಫೋನ್ ಮಾಡಿ "ಬೆಳಗ್ಗೆಯಿಂದ ಮಳೆ ಬರ್ತಾನೇ ಇದೆ ಕಣಮ್ಮ, ಹೇಗೆ ಬರ್ಲಿ?" ಎನ್ನುತ್ತಾನೆ. ಮೊದಲನೆಯದರಲ್ಲಿ ಮಳೆ ನಿಂತಿದೆ, ಎರಡನೆಯದರಲ್ಲಿ ಇನ್ನೂ ಸುರಿಯುತ್ತಿದೆ. ಕನ್ನಡದಲ್ಲಿ ಇವು ಬೇರೆ ಬೇರೆ ಕ್ರಿಯಾರೂಪಗಳು, ಯಾವ ಮಗುವೂ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುವುದಿಲ್ಲ. ಇಂಗ್ಲಿಷ್ ಮನೆಮಾತಿನವರು ಮಾತ್ರ ಎರಡೂ ಸಂದರ್ಭದಲ್ಲಿ 'ಇಟ್ ಹ್ಯಾಸ್ ಬೀನ್ ರೇನಿಂಗ್' ಎಂದೇ ಹೇಳುತ್ತಾರೆ.

ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯುಯಸ್ ಎಂಬ ಪಾಠ ನಮ್ಮ ಮಕ್ಕಳಿಗೆ ತಲೆನೋವಾಗುವುದು ಈ ತಿರುವಿನಲ್ಲೇ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವ ಕೆಲಸಕ್ಕೆ ಈ ರೂಪ ಎಂದು ಹೇಳಿಕೊಟ್ಟು ಪುಟ ತಿರುಗಿಸಿಬಿಡುತ್ತಾರೆ. ಅದು ಅರ್ಧ ಸತ್ಯ. ಕೆಲಸ ನಿಂತುಹೋಗಿದ್ದರೂ ಅದರ ಗುರುತು ಎದುರಿಗಿದ್ದರೆ, ಆ ಗುರುತಿಗೆ ಕಾರಣ ಹೇಳುವಾಗ ಇಂಗ್ಲಿಷಿಗೆ ಬೇಕಾಗುವುದು ಇದೇ ರೂಪ. ಮಗುವಿನ ಕಣ್ಣು ಕೆಂಪಾಗಿದ್ದರೆ 'ಯೂ ಹ್ಯಾವ್ ಬೀನ್ ಕ್ರೈಯಿಂಗ್'. ಅಳು ಯಾವಾಗಲೋ ನಿಂತಿದೆ, ಕಂಟಿನ್ಯುಯಸ್ ನಿಂತಿಲ್ಲ. ಕನ್ನಡದ ಅಮ್ಮ ಕೇಳುವುದು "ಅತ್ತಿದ್ದೀಯಾ?" ಎಂದು, "ಅಳ್ತಾ ಇದೀಯಾ?" ಎಂದಲ್ಲ. ನಮ್ಮ ತಲೆಮಾರುಗಳನ್ನು ಇಂಗ್ಲಿಷ್ ಕಲಿಸಿ ಬೆಳೆಸಿದ ರೆನ್ ಅಂಡ್ ಮಾರ್ಟಿನ್ ವ್ಯಾಕರಣದ ಪರಿಷ್ಕೃತ ಆವೃತ್ತಿಗಳಲ್ಲಿ ಈ ಎರಡನೆಯ ಬಳಕೆಗೂ ಒಂದು ಚಿಕ್ಕ ಟಿಪ್ಪಣಿ ಇದೆ: ತೋಟಕ್ಕೆ ನೀರು ಹಾಕಿ ಬಟ್ಟೆ ನೆನೆಸಿಕೊಂಡವನ ಉದಾಹರಣೆ. ತರಗತಿಯಲ್ಲಿ ಅದರ ಮೇಲೆ ಹತ್ತು ನಿಮಿಷ ನಿಂತರೆ ಕನ್ನಡದ ಮಕ್ಕಳಿಗೆ ಆಗುವ ಉಪಕಾರ ದೊಡ್ಡದು. ಏಕೆಂದರೆ ಅವರು ಎಡವುವುದು ಅಲ್ಲೇ.

ಹಾಗಾದರೆ 'ಇಟ್ ಹ್ಯಾಸ್ ರೇನ್ಡ್' ಎನ್ನುವುದು ತಪ್ಪೇ? ತಪ್ಪಲ್ಲ, ಅದರ ಜಾಗ ಬೇರೆ. "ಈ ವರ್ಷ ಒಳ್ಳೆ ಮಳೆ ಬಂದಿದೆ, ಕೆಆರ್‌ಎಸ್ ತುಂಬಿದೆ" ಎಂದು ಲೆಕ್ಕ ಒಪ್ಪಿಸುವಾಗ ಅದು ಸರಿಯಾಗಿ ಕೂರುತ್ತದೆ. ಸಿಂಪಲ್ ರೂಪದ ಕಣ್ಣು ಫಲದ ಮೇಲೆ, ಮೊತ್ತದ ಮೇಲೆ. ಕಂಟಿನ್ಯುಯಸ್ಸಿನ ಕಣ್ಣು ಕೆಲಸದ ಮೇಲೆ, ಅದು ಹಿಡಿದ ಹೊತ್ತಿನ ಮೇಲೆ.

ಈ ಆಯ್ಕೆಗೆ ಬರುವ ಮೊದಲೇ ದಾಟಬೇಕಾದ ಇನ್ನೊಂದು ಹೊಸ್ತಿಲಿದೆ. ಕನ್ನಡದಲ್ಲಿ '-ಇಂದ' ಸೇರಿಸಿದರೆ ವರ್ತಮಾನವೇ ಸಾಕು. "ಎರಡು ವರ್ಷದಿಂದ ಕೆಲಸ ಮಾಡ್ತಾ ಇದೀನಿ" ಎನ್ನುವಲ್ಲಿ ಭೂತಕಾಲದ ಸುಳಿವೇ ಬೇಡ. ಅದನ್ನೇ ಇಂಗ್ಲಿಷಿಗೆ ಹೊತ್ತುಕೊಂಡು ಹೋದರೆ 'ಐ ಆಮ್ ವರ್ಕಿಂಗ್ ಸಿನ್ಸ್ ಟು ಇಯರ್ಸ್' ಆಗುತ್ತದೆ. ಬೆಂಗಳೂರಿನ ಸಂದರ್ಶನಗಳಲ್ಲಿ ಇಷ್ಟು ಸಲ ಕೇಳಿಬರುವ ವಾಕ್ಯ ಬಹುಶಃ ಇನ್ನೊಂದಿಲ್ಲ. ಇದನ್ನು ಕನ್ನಡದ ದೋಷ ಎಂದು ಹೇಳುವವರ ಮಾತನ್ನು ಈ ಅಂಕಣ ಒಪ್ಪುವುದಿಲ್ಲ. ಹಿಂದಿಯೂ ಹೀಗೇ ವರ್ತಮಾನದಲ್ಲೇ ಹೇಳುತ್ತದೆ. ಜರ್ಮನ್ನರು 'ಜೈಟ್' ಎಂದೂ ಫ್ರೆಂಚರು 'ದೆಪ್ವಿ' ಎಂದೂ ಸೇರಿಸಿ ವರ್ತಮಾನದಲ್ಲೇ ನಿಲ್ಲುತ್ತಾರೆ. ಈ ವಿಷಯದಲ್ಲಿ ಇವರೆಲ್ಲರಿಂದ ಬೇರೆಯಾಗಿ ನಿಂತಿರುವುದು ಇಂಗ್ಲಿಷ್. ಮೊದಲಿನಿಂದ ಈವರೆಗೆ ಎಂದು ಕಾಲವನ್ನು ಅಳೆದ ಕೂಡಲೇ 'ಹ್ಯಾವ್' ಬರಲೇಬೇಕು ಎಂಬುದು ಅದರ ಹಟ.

'ಸಿನ್ಸ್', 'ಫಾರ್' ಗೊಂದಲದ ಬೇರೂ ಅದೇ '-ಇಂದ'ದಲ್ಲಿದೆ. ಬಸ್ ಸ್ಟಾಪಿನಲ್ಲಿ ನಿಂತ ಹಿರಿಯರು "ಎರಡು ಗಂಟೆಯಿಂದ ಕಾಯ್ತಾ ಇದೀನಪ್ಪ" ಎಂದರೆ ಗಡಿಯಾರದಲ್ಲಿ ಎರಡು ಹೊಡೆದಾಗಿನಿಂದಲೋ, ಪೂರಾ ನೂರಿಪ್ಪತ್ತು ನಿಮಿಷಗಳಿಂದಲೋ? ಎರಡೂ ಆಗಬಹುದು. ಮಾತಿನ ಸಂದರ್ಭವೇ ತೀರ್ಮಾನಿಸಬೇಕು. ಇಂಗ್ಲಿಷ್ ಅದನ್ನು ಎರಡಾಗಿ ಒಡೆಯುತ್ತದೆ: ಶುರುವಾದ ಹೊತ್ತಿಗೆ 'ಸಿನ್ಸ್ ಟು ಒ ಕ್ಲಾಕ್', ಕಳೆದ ಅವಧಿಗೆ 'ಫಾರ್ ಟು ಅವರ್ಸ್'. ಕ್ರಿಯಾಪದ ಎರಡಕ್ಕೂ ಒಂದೇ, 'ಐ ಹ್ಯಾವ್ ಬೀನ್ ವೆಯ್ಟಿಂಗ್'. ಈ ರೂಪಕ್ಕೆ ವಯಸ್ಸೂ ಕಡಿಮೆಯಲ್ಲ. ಹದಿನಾಲ್ಕನೆಯ ಶತಮಾನದ ಕವಿ ಚಾಸರ್ ತನ್ನ 'ನೈಟ್ಸ್ ಟೇಲ್'ನಲ್ಲಿ, ದೇಗುಲದಲ್ಲಿ ಎರಡು ವಾರದಿಂದ ಕಾದು ಕೂತ ವಿಧವೆಯರ ಬಾಯಲ್ಲಿ ಇದನ್ನೇ ಆಡಿಸಿದ್ದಾನೆ. ಆರು ನೂರು ವರ್ಷ ದಾಟಿದ ಮೇಲೂ ಕಾಯುವವರಿಗೆ ಇದೇ ರೂಪ ಬೇಕು.

ಇನ್ನು ಆಯ್ಕೆಯ ಮಾತು. ಕಾರ್ತಿಕ ಮಾಸದ ಕೊನೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯುದ್ದಕ್ಕೂ ಕಡಲೆಕಾಯಿ ಪರಿಷೆ. ಹನುಮಂತನಗರದವರಿಗೆ ಅದು ಮನೆ ಬಾಗಿಲಿನ ಜಾತ್ರೆ. ರಾತ್ರಿ ಊಟಕ್ಕೆ ಕೂತ ಮಗ ಅನ್ನ ಬೇಡವೆನ್ನುತ್ತಾನೆ, ಜೇಬಿನ ತುಂಬ ಸಿಪ್ಪೆ. 'ಯೂ ಹ್ಯಾವ್ ಬೀನ್ ಈಟಿಂಗ್ ಪೀನಟ್ಸ್!' ಎಷ್ಟು ತಿಂದ ಎಂಬುದು ಇಲ್ಲಿ ಮುಖ್ಯವಲ್ಲ, ಸಂಜೆಯೆಲ್ಲ ಏನು ಮಾಡುತ್ತಿದ್ದ ಎಂಬುದು ಮುಖ್ಯ. ಅವನೇ ಗೆಳೆಯನ ಮುಂದೆ ಕೊಚ್ಚಿಕೊಳ್ಳುವಾಗ 'ಐ ಹ್ಯಾವ್ ಈಟನ್ ಹಾಫ್ ಎ ಕಿಲೋ'. ಅಳತೆ ಬಂತು, ಸಿಂಪಲ್ ಬಂತು. ಅರ್ಧ ಕಿಲೋ, ಮೂರು ಅಧ್ಯಾಯ, ಹತ್ತು ಇಮೇಲ್, ಎರಡು ಸಲ: ಮುಗಿದದ್ದನ್ನು ಎಣಿಸಿದ ವಾಕ್ಯದಲ್ಲಿ ಕಂಟಿನ್ಯುಯಸ್ ನಿಲ್ಲದು. 'ಐ ಹ್ಯಾವ್ ಬೀನ್ ಈಟಿಂಗ್ ಹಾಫ್ ಎ ಕಿಲೋ' ಎಂದರೆ ಇಂಗ್ಲಿಷ್ ಕಿವಿಗೆ ಕಲ್ಲು ಸಿಕ್ಕಿದಂತೆ.

ಗುಡ್ಡದ ಕೆ.ಎಚ್. ಕಲಾಸೌಧದಲ್ಲಿ ನಾಟಕ ಹೂಡಲಿರುವ ಹವ್ಯಾಸಿ ತಂಡವೊಂದನ್ನು ಕಲ್ಪಿಸಿಕೊಳ್ಳಿ. "ಎರಡು ತಿಂಗಳಿಂದ ರಿಹರ್ಸಲ್ ಮಾಡ್ತಾ ಇದೀವಿ, ಮೂರೇ ದೃಶ್ಯ ಮುಗಿಸಿದೀವಿ" ಎನ್ನುತ್ತಾರೆ ನಿರ್ದೇಶಕರು. ಇಂಗ್ಲಿಷಿನಲ್ಲಿ ಎರಡೂ ರೂಪ ಒಂದೇ ಉಸಿರಿನಲ್ಲಿ ಬರಬೇಕು: 'ವಿ ಹ್ಯಾವ್ ಬೀನ್ ರಿಹರ್ಸಿಂಗ್ ಫಾರ್ ಟು ಮಂತ್ಸ್, ಬಟ್ ವಿ ಹ್ಯಾವ್ ಫಿನಿಶ್ಡ್ ಓನ್ಲಿ ತ್ರೀ ಸೀನ್ಸ್'. ಅವಧಿಗೆ ಒಂದು, ಎಣಿಕೆಗೆ ಇನ್ನೊಂದು. ವ್ಯತ್ಯಾಸ ಹೇಳಿಕೊಡುವ ಶಿಕ್ಷಕರಿಗೆ ಇಂಥ ಜೋಡಿ ವಾಕ್ಯಗಳು ಬಿಡಿ ವಾಕ್ಯಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಕೇಂಬ್ರಿಜ್ ಪ್ರೆಸ್ 1985ರಲ್ಲಿ ಹೊರತಂದ ರೇಮಂಡ್ ಮರ್ಫಿಯವರ 'ಇಂಗ್ಲಿಷ್ ಗ್ರಾಮರ್ ಇನ್ ಯೂಸ್' ಇಷ್ಟು ಜನಪ್ರಿಯವಾಗಲು ಒಂದು ಕಾರಣ, ಅದು ಈ ಎರಡು ರೂಪಗಳನ್ನು ಅಕ್ಕಪಕ್ಕ ಕೂರಿಸಿ ತೋರಿಸುತ್ತದೆ. ಐಇಎಲ್‌ಟಿಎಸ್ ಪರೀಕ್ಷೆಗೆ ಓದುವವರ ಮೇಜಿನ ಮೇಲೆ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆದರೆ ಅದು ಎಲ್ಲ ದೇಶದ ಕಲಿಯುವವರಿಗಾಗಿ ಬರೆದ ಪುಸ್ತಕ. ಕನ್ನಡದವರು ಎಲ್ಲಿ ಜಾರುತ್ತಾರೆ ಎಂಬುದನ್ನು ಕನ್ನಡ ಬಲ್ಲವರೇ ಹೇಳಬೇಕು.

ಜಾರುವ ಒಂದು ಜಾಗ ಯಾರೂ ಹೆಚ್ಚು ಗಮನಿಸದ್ದು. "ಮಗು ಮಲಗಿದೆ." ರೂಪದಲ್ಲಿ ಇದು "ಮಳೆ ಬಂದಿದೆ"ಯ ಅಣ್ಣತಮ್ಮ. ಅರ್ಥದಲ್ಲಿ ಮಾತ್ರ 'ದ ಚೈಲ್ಡ್ ಇಸ್ ಸ್ಲೀಪಿಂಗ್'. ಕೂತಿದ್ದಾರೆ, ನಿಂತಿದ್ದಾರೆ, ಒರಗಿದ್ದಾರೆ, ಹಿಡಿದುಕೊಂಡಿದ್ದಾರೆ, ಸೀರೆ ಉಟ್ಟಿದ್ದಾರೆ, ಕನ್ನಡಕ ಹಾಕಿದ್ದಾರೆ. ಮೈಯ ಭಂಗಿಯನ್ನೋ ಮೈಮೇಲಿನ ಉಡುಗೆಯನ್ನೋ ಹೇಳುವ ಕ್ರಿಯಾಪದಗಳಿಗೆ ಕನ್ನಡದಲ್ಲಿ ಮುಗಿದ ರೂಪವೇ ನಡೆಯುತ್ತಿರುವ ಸ್ಥಿತಿ. ಕೂರುವ ಕ್ರಿಯೆ ಮುಗಿಯಿತು, ಕೂತ ಸ್ಥಿತಿ ಉಳಿಯಿತು ಎಂಬುದು ಅದರ ತರ್ಕ, ಅದು ಬಹಳ ಸೊಗಸಾದ ತರ್ಕ. "ಕೂತ್ಕೋತಾ ಇದ್ದಾರೆ" ಎಂದರೆ ಕುರ್ಚಿಗೆ ಮೈ ಇಳಿಸುತ್ತಿರುವ ಆ ಒಂದು ಕ್ಷಣ. ಇಂಗ್ಲಿಷಿನ 'ಇಸ್ ಸಿಟಿಂಗ್' ಸಾಮಾನ್ಯವಾಗಿ ಕೂತ ಸ್ಥಿತಿಯನ್ನೇ ಹೇಳುತ್ತದೆ. ಆದ್ದರಿಂದ "ಅಜ್ಜಿ ಕುಮಾರಸ್ವಾಮಿ ದೇವಸ್ಥಾನದ ಕಟ್ಟೆ ಮೇಲೆ ಒಂದು ಗಂಟೆ ಹೊತ್ತಿನಿಂದ ಕೂತಿದ್ದಾರೆ" ಎಂಬುದು 'ಗ್ರ್ಯಾನಿ ಹ್ಯಾಸ್ ಬೀನ್ ಸಿಟಿಂಗ್' ಆಗಬೇಕು. 'ಹ್ಯಾಸ್ ಸ್ಯಾಟ್' ಎಂಬುದಕ್ಕೆ ಇಲ್ಲಿ ಕೆಲಸವಿಲ್ಲ. '-ಇದ್ದಾರೆ' ಕಂಡಲ್ಲೆಲ್ಲ ಪರ್ಫೆಕ್ಟ್ ಸಿಂಪಲ್, '-ತ್ತಾ ಇದ್ದಾರೆ' ಕಂಡಲ್ಲೆಲ್ಲ ಕಂಟಿನ್ಯುಯಸ್ ಎಂದು ಸಮೀಕರಣ ಬರೆದುಕೊಂಡವರು ಮುಗ್ಗರಿಸುವುದು ಇಲ್ಲೇ.

ಇದರ ಎದುರುದಿಕ್ಕಿನಲ್ಲಿ ಕನ್ನಡವೇ ಕೈಹಿಡಿಯುವ ಸಂದರ್ಭವೂ ಇದೆ. "ಅವರು ನನಗೆ ಹತ್ತು ವರ್ಷದಿಂದ ಗೊತ್ತು." ಈ 'ಗೊತ್ತು'ವಿಗೆ '-ತ್ತಾ ಇದೆ' ಅಂಟುವುದೇ ಇಲ್ಲ. ಬೇಕು, ಸಾಕು, ಇಷ್ಟ ಇವುಗಳಿಗೂ ಅಷ್ಟೇ. ಇಂಗ್ಲಿಷಿನ 'ನೋ', 'ವಾಂಟ್', 'ಲೈಕ್' ಕೂಡ ಸಾಮಾನ್ಯವಾಗಿ ಕಂಟಿನ್ಯುಯಸ್ ಒಲ್ಲದವು. 'ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್' ಸರಿ, 'ಐ ಹ್ಯಾವ್ ಬೀನ್ ನೋಯಿಂಗ್' ಸಲ್ಲ. 'ಐ ಆಮ್ ನೋಯಿಂಗ್' ಎಂಬಂಥ ಭಾರತೀಯ ಇಂಗ್ಲಿಷನ್ನು ಕವಿ ನಿಸ್ಸಿಂ ಎಜೆಕಿಯಲ್ ಪದ್ಯಗಳಲ್ಲೇ ಪಾತ್ರವಾಗಿಸಿದರು. ಅದರ ಹೊಣೆಯನ್ನು ಮಾತೃಭಾಷೆಯ ತಲೆಗೆ ಕಟ್ಟುವುದು ರೂಢಿ. ಕನ್ನಡದ ಮಟ್ಟಿಗೆ ಆ ಆರೋಪ ನಿಲ್ಲದು, ಏಕೆಂದರೆ "ನನಗೆ ಗೊತ್ತಿರುತ್ತಾ ಇದೆ" ಎಂದು ಇಲ್ಲಿ ಯಾರೂ ಹೇಳುವುದಿಲ್ಲ. ಕನ್ನಡದ ಹುಡುಗ 'ನೋಯಿಂಗ್' ಎಂದರೆ ಅವನು ತನ್ನ ಭಾಷೆಯನ್ನು ಅನುಸರಿಸಿದ್ದಲ್ಲ, ಸುತ್ತ ಕೇಳಿದ ಇಂಗ್ಲಿಷನ್ನು ಅನುಸರಿಸಿದ್ದು. ತನ್ನ ಕಿವಿಯನ್ನೇ ನಂಬಿದ್ದರೆ ಸರಿಯಾಗಿಯೇ ಹೇಳುತ್ತಿದ್ದ.

ವಾಸದ ವಿಷಯದಲ್ಲಿ ಇಂಗ್ಲಿಷ್ ಸಡಿಲ. 'ಲಿವ್', 'ವರ್ಕ್' ಎರಡಕ್ಕೂ ಎರಡೂ ರೂಪ ನಡೆಯುತ್ತವೆ. ಸೂಕ್ಷ್ಮ ಒಲವೊಂದಿದೆ, ಅಷ್ಟೆ: ಪಿಜಿಯಲ್ಲಿ ಆರು ತಿಂಗಳಿಂದ ಇರುವ ಇಂಜಿನಿಯರಿಂಗ್ ವಿದ್ಯಾರ್ಥಿಗೆ 'ಐ ಹ್ಯಾವ್ ಬೀನ್ ಲಿವಿಂಗ್ ಇನ್ ಹನುಮಂತನಗರ' ಒಪ್ಪುತ್ತದೆ, ಇಲ್ಲೇ ಸೈಟು ಕೊಂಡು ಮನೆ ಕಟ್ಟಿಸಿ ನೆಲೆನಿಂತ ಹಿರಿಯರಿಗೆ 'ಐ ಹ್ಯಾವ್ ಲಿವ್ಡ್ ಹಿಯರ್ ಆಲ್ ಮೈ ಲೈಫ್'.

ಕನ್ನಡಕ್ಕೆ ತನ್ನದೇ ಆದ, ಇಂಗ್ಲಿಷಿಗಿಂತ ಬಿಗಿಯಾದ ಒಂದು ಕಂಟಿನ್ಯುಯಸ್ ಕೂಡ ಇದೆ. "ಓದುತ್ತಾ ಬಂದಿದ್ದೇನೆ", "ನಡೆಸಿಕೊಂಡು ಬಂದಿದ್ದಾರೆ" ಎನ್ನುವಾಗಿನ ಆ 'ಬಂದಿದೆ'. ದೂರದ ಒಂದು ಕಾಲದಿಂದ ಇಲ್ಲಿಯವರೆಗೆ ಬಿಡದೆ ನಡೆದದ್ದನ್ನು ಅದು ಒಂದೇ ಗುಕ್ಕಿನಲ್ಲಿ ಹೇಳುತ್ತದೆ. ಶಾಲೆಯ ವ್ಯಾಕರಣ ಮಾತ್ರ ಮಕ್ಕಳಿಗೆ ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರು ಪೆಟ್ಟಿಗೆ ಕೊಟ್ಟು ಸುಮ್ಮನಾಗುತ್ತದೆ. ಭಾಷೆಗಳು ಕಾಲಕ್ಕೆ, ಕ್ರಿಯೆಯ ನಡೆಗೆ, ಹೇಳುವವರ ಧೋರಣೆಗೆ ಬೇರೆ ಬೇರೆ ಪ್ರಮಾಣದಲ್ಲಿ ಒತ್ತು ಕೊಡುತ್ತವೆ ಎಂದು ಭಾಷಾಶಾಸ್ತ್ರಜ್ಞ ಡಿ.ಎನ್. ಶಂಕರ ಭಟ್ಟರು 1999ರ ತಮ್ಮ ಇಂಗ್ಲಿಷ್ ಪುಸ್ತಕವೊಂದರಲ್ಲಿ ವಾದಿಸಿ, ಕನ್ನಡವನ್ನು ಕಾಲಕ್ಕೆ ಒತ್ತು ಕೊಡುವ ಭಾಷೆಗಳ ಸಾಲಿಗೆ ಸೇರಿಸಿದರು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂಬ ಅವರ ಒತ್ತಾಯ ಇಂಗ್ಲಿಷ್ ತರಗತಿಗೂ ಬೇಕಾದದ್ದೇ. ತಮ್ಮ ಭಾಷೆ ಏನು ಮಾಡುತ್ತಿದೆ ಎಂದು ಕಂಡುಕೊಂಡ ಮಕ್ಕಳಿಗೆ ಇನ್ನೊಂದು ಭಾಷೆಯ ನಡೆ ಬೇಗ ಕಾಣುತ್ತದೆ. ದಕ್ಷಿಣ ರಾಜ್ಯಗಳ ಇಂಗ್ಲಿಷ್ ಶಿಕ್ಷಕರಿಗೆ 1963ರಿಂದ ತರಬೇತಿ ಕೊಡುತ್ತಾ ಬಂದಿರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೇ ಬೆಂಗಳೂರಿನ ಜ್ಞಾನಭಾರತಿಯಲ್ಲಿದೆ. ಕನ್ನಡದ ಕ್ರಿಯಾಪದವನ್ನು ಪಕ್ಕದಲ್ಲಿಟ್ಟು ಇಂಗ್ಲಿಷಿನದನ್ನು ಕಲಿಸುವ ಪಠ್ಯಕ್ಕೆ ಅದಕ್ಕಿಂತ ಒಳ್ಳೆಯ ನೆಲೆ ಯಾವುದು?

ಹನುಮಂತನಗರದ ಪಕ್ಕದ ಗವಿಪುರದಲ್ಲಿ ಮಾಸ್ತಿಯವರ ಮನೆ. ಇಂಗ್ಲಿಷ್ ಎಂ.ಎ. ಓದಿ ಕನ್ನಡದ ಆಸ್ತಿಯಾದವರು ಅವರು. "ಮಾಸ್ತಿ 'ಚಿಕವೀರ ರಾಜೇಂದ್ರ' ಬರೆದಿದ್ದಾರೆ" ಎನ್ನುವಾಗ ಅವರು 1986ರಲ್ಲೇ ತೀರಿಕೊಂಡರೆಂಬುದು ಕನ್ನಡದ ವಾಕ್ಯಕ್ಕೆ ತೊಡಕಾಗುವುದಿಲ್ಲ. "ಪಂಪ ಹೇಳಿದ್ದಾನೆ" ಎಂದು ಸಾವಿರ ವರ್ಷದ ಹಿಂದಿನ ಕವಿಯನ್ನೂ ನಾವು ಹಾಗೇ ನೆನೆಯುತ್ತೇವೆ. ಬರೆದದ್ದು ಉಳಿದಿದೆ, ಅಷ್ಟು ಸಾಕು. ಇಂಗ್ಲಿಷಿನಲ್ಲಿ 'ಮಾಸ್ತಿ ಹ್ಯಾಸ್ ರಿಟನ್' ಎಂದರೆ ಕೇಳಿದವರು ಅವರಿನ್ನೂ ಬದುಕಿದ್ದಾರೆಂದು ತಿಳಿಯುತ್ತಾರೆ. ಅಲ್ಲಿ 'ಮಾಸ್ತಿ ರೋಟ್' ಎಂಬ ನೇರ ಭೂತಕಾಲವೇ ಬೇಕು. ಇಂದಿಗೂ ಬರೆಯುತ್ತಿರುವ ಲೇಖಕರಿಗೆ ಎರಡು ದಾರಿಯೂ ತೆರೆದಿವೆ: ಎಷ್ಟು ಪುಸ್ತಕ ಎಂದರೆ 'ಹ್ಯಾಸ್ ರಿಟನ್', ಎಷ್ಟು ಕಾಲದಿಂದ ಎಂದರೆ 'ಹ್ಯಾಸ್ ಬೀನ್ ರೈಟಿಂಗ್'. ಸಭೆಗಳಲ್ಲಿ ಇಂಗ್ಲಿಷಿನಲ್ಲಿ ಪರಿಚಯ ಭಾಷಣ ಮಾಡುವವರಿಗೆ ಈ ಮೂರರ ಭೇದ ಗೊತ್ತಿರಬೇಕು.

ಕೊನೆಗೆ ಒಂದು ಪತ್ರದ ವಿಷಯ. ಬೀದಿ ಅಗೆದು ಬಿಟ್ಟಿರುವುದರ ಬಗ್ಗೆ ಪಾಲಿಕೆಗೆ ಇಂಗ್ಲಿಷಿನಲ್ಲಿ ಬರೆಯಲು ಕೂತವರು "ಮೂರು ತಿಂಗಳಿಂದ ರಸ್ತೆ ಅಗೀತಾ ಇದ್ದಾರೆ" ಎಂಬುದನ್ನು ಗಂಭೀರಗೊಳಿಸಲು ಕರ್ಮಣಿಗೆ ತಿರುಗಿಸುತ್ತಾರೆ. ಆಗ ಹುಟ್ಟುವುದು 'ದ ರೋಡ್ ಹ್ಯಾಸ್ ಬೀನ್ ಬೀಯಿಂಗ್ ಡಗ್ ಅಪ್'. ವ್ಯಾಕರಣದ ಲೆಕ್ಕಕ್ಕೆ ಇದು ತಪ್ಪಲ್ಲ, ಆದರೆ ಇಂಗ್ಲಿಷಿನವರೇ ಈ ಜೋಡಿ 'ಬೀನ್ ಬೀಯಿಂಗ್' ಕಂಡರೆ ದೂರ ಸರಿಯುತ್ತಾರೆ. ಕನ್ನಡದಲ್ಲಿ ಮೊದಲು ಬಾಯಿಗೆ ಬಂದ ಕರ್ತರಿ ವಾಕ್ಯವನ್ನೇ ಇಟ್ಟುಕೊಂಡು 'ದೇ ಹ್ಯಾವ್ ಬೀನ್ ಡಿಗಿಂಗ್ ಅಪ್ ದ ರೋಡ್ ಫಾರ್ ತ್ರೀ ಮಂತ್ಸ್' ಎಂದು ಬರೆದು, ಕೆಳಗಿನ ಸಾಲಿನಲ್ಲಿ ಎಷ್ಟು ಗುಂಡಿ ಮುಚ್ಚಿದ್ದಾರೆ, ಎಷ್ಟು ಬಿಟ್ಟಿದ್ದಾರೆ ಎಂಬುದನ್ನು ಸಿಂಪಲ್ಲಿನಲ್ಲಿ ಎಣಿಸಿ ಕೊಟ್ಟರೆ ಪತ್ರ ಸರಿಯಾಗುತ್ತದೆ.