ಹಾಸ್ಯರಸ ಪರೀಕ್ಷೆ: ಬಾಬ್ ಮತ್ತು ರೇ

ಹಾಸ್ಯವನ್ನು ನಗುತ್ತ ಕೇಳುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಗಾಂಭೀರ್ಯದಿಂದ ಕೇಳತಕ್ಕವರು ವಿರಳರಾದುದರಿಂದ, ಅಮೆರಿಕದ ರೇಡಿಯೋ ಜೋಡಿ ಬಾಬ್ ಎಲಿಯಟ್ ಮತ್ತು ರೇ ಗೌಲ್ಡಿಂಗರ ಧ್ವನಿಮುದ್ರಿಕೆಗಳನ್ನು ಭರತಮುನಿಯ ನಾಟ್ಯಶಾಸ್ತ್ರದ ಒರೆಗಲ್ಲಿಗೆ ಹಚ್ಚುವ ಹೊಣೆ ಲಕ್ಕೂರಿನ ಈ ಅಂಕಣಕಾರನ ಪಾಲಿಗೆ ಬಂದಿತು.

1946ರಲ್ಲಿ ಬೋಸ್ಟನ್ ನಗರದ ನಿಲಯವೊಂದರಲ್ಲಿ ಜೊತೆಗೂಡಿದ ಇವರು ಸುಮಾರು ನಾಲ್ಕು ದಶಕಗಳ ಕಾಲ ಜನರನ್ನು ನಗಿಸಿದರು. ವಿಕೃತ ವೇಷಾಲಂಕಾರಗಳನ್ನು ಮುನಿಯು ಹಾಸ್ಯದ ವಿಭಾವಗಳಲ್ಲಿ, ಅಂದರೆ ರಸಕ್ಕೆ ಕಾರಣವಾಗುವವುಗಳಲ್ಲಿ, ಮೊದಲು ಹೇಳಿರುವನು. ರೇಡಿಯೋದಲ್ಲಾದರೋ ವೇಷಭೂಷಣದ ಆಹಾರ್ಯವಿಲ್ಲ, ಅಂಗಚಲನೆಯ ಆಂಗಿಕವಿಲ್ಲ. ರಸದ ಸಮಸ್ತ ಭಾರವೂ ಮಾತಿನ ವಾಚಿಕವೊಂದರ ಮೇಲೆಯೇ ಬೀಳುವುದು. ಅಲ್ಪರಾದವರು ಇಂಥಲ್ಲಿ ಕಿರಿಚಿಕೊಳ್ಳುತ್ತಾರೆ. ಈ ಇಬ್ಬರು ತಮ್ಮ ಉತ್ತಮ ಪ್ರಹಸನಗಳಲ್ಲಿ ವಾರ್ತೆ ಓದುವವರ ನಿರ್ವಿಕಾರ ಸ್ವರವನ್ನು ಬಿಟ್ಟು ಕದಲರು. ತಾನು ನಗುವುದು ಆತ್ಮಸ್ಥ, ಪರರನ್ನು ನಗಿಸುವುದು ಪರಸ್ಥ ಎಂಬ ಶಾಸ್ತ್ರವಿಭಾಗದಲ್ಲಿ ಇವರದು ಶುದ್ಧ ಪರಸ್ಥ.

ಕೊಮೊಡೊ ಹಲ್ಲಿಯ ಪ್ರಹಸನವನ್ನು ನೋಡಿ. ಅದು ಜಗತ್ತಿನ ಅತಿದೊಡ್ಡ ಹಲ್ಲಿ, ಇಂಡೋನೇಷ್ಯದ ಕೊಮೊಡೊ ದ್ವೀಪದಲ್ಲಿ ವಾಸಿಸುವುದು ಎಂದು ಪಂಡಿತನಾದ ಬಾಬ್ ತಿಳಿಸುತ್ತಾನೆ. ಕೂಡಲೇ ಸಂದರ್ಶಕನಾದ ರೇ, ಅದು ಯಾವ ದೇಶದ ಪ್ರಾಣಿ ಎಂದು ಕೇಳುತ್ತಾನೆ. ಪಂಡಿತನು ಬೇಸರಿಸದೆ ಮತ್ತೆ ಹೇಳುತ್ತಾನೆ; ಇವನು ಮತ್ತೆ ಕೇಳುತ್ತಾನೆ. ನಮ್ಮ ಸೀಮೆಯ ಕೇಳಿಕೆ ಎಂಬ ಬಯಲಾಟಗಳಲ್ಲಿ ರಂಗಕ್ಕೆ ಬಂದ ಚಕ್ರವರ್ತಿಯನ್ನೇ ‘ತಾವು ಯಾರು’ ಎಂದು ವಿಚಾರಿಸುವ ಸಾರಥಿಯ ಮರ್ಮವೂ ಇದೇ. ನಗೆಯು ಉತ್ತರದಲ್ಲಿಲ್ಲ, ಪ್ರಶ್ನೆಯಲ್ಲಿದೆ. ಆದರೆ ಸಾರಥಿಗೆ ತಾನು ನಗಿಸುತ್ತಿರುವೆನೆಂಬ ಅರಿವುಂಟು, ಕೆಲವೊಮ್ಮೆ ಅದು ಅತಿಯಾಗಿಯೇ ಉಂಟು. ರೇಯ ಸಂದರ್ಶಕನಿಗೆ ಅದು ಲೇಶವೂ ಇಲ್ಲ.

ನಿಧಾನಭಾಷಿಗಳ ಸಂಘದ ಅಧ್ಯಕ್ಷನನ್ನು ಕುರಿತ ಪ್ರಹಸನವು ಇದಕ್ಕಿಂತ ಪ್ರಖ್ಯಾತವಾದುದು. ಅಧ್ಯಕ್ಷನು ಒಂದೊಂದು ಪದಕ್ಕೂ ನಡುವೆ ದೀರ್ಘಕಾಲ ಸುಮ್ಮನಿರುವನು. ಸಂದರ್ಶಕನು ತಾಳಲಾರದೆ ಮುಂದಿನ ಪದವನ್ನು ತಾನೇ ಒದಗಿಸಿಕೊಡುವನು. ಅಧ್ಯಕ್ಷನು ಆ ಉಪಕಾರವನ್ನು ಗಮನಿಸದೆ ಅದೇ ಪದಕ್ಕೆ ತನ್ನ ವೇಗದಲ್ಲಿಯೇ ಬಂದು ಸೇರುವನು. ಮೌನವನ್ನು ಇಷ್ಟು ಧಾರಾಳವಾಗಿ ಖರ್ಚುಮಾಡಿದ ಕಲಾವಿದರನ್ನು ನಾನು ರೇಡಿಯೋದಲ್ಲಿ ಬೇರೆ ಕೇಳಿಲ್ಲ. ಒಂದು ಆಕ್ಷೇಪವನ್ನು ಮಾತ್ರ ದಾಖಲಿಸಲೇಬೇಕು: ಕೊನೆಗೆ ಸಂದರ್ಶಕನ ತಾಳ್ಮೆ ಕೆಡುವಲ್ಲಿ ಹಾಸ್ಯವು ರೌದ್ರದ ಗಡಿಯನ್ನು ಮುಟ್ಟುತ್ತದೆ.

ಆದುದರಿಂದ ನನ್ನ ತೀರ್ಪು ಹೀಗಿದೆ: ಹಲ್ಲು ಕಾಣದ ‘ಸ್ಮಿತ’ವನ್ನು ಹುಟ್ಟಿಸುವ ಹಲ್ಲಿಯ ಪ್ರಹಸನವು ಉತ್ತಮ; ಕಣ್ಣಲ್ಲಿ ನೀರು ಬರಿಸುವ ‘ಅಪಹಸಿತ’ಕ್ಕೆ ಎಡೆಗೊಡುವ ನಿಧಾನಭಾಷಿಯು, ಶಾಸ್ತ್ರದ ಪ್ರಕಾರ, ಅಧಮ. ಎರಡನೆಯದನ್ನು ಓದುಗರು ಹಿರಿಯರ ಎದುರಿನಲ್ಲಿ ಕೇಳಬಾರದು.