ಪೋಡಿನಲ್ಲಿ ಪಾಠ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕೆ ಕಾಲೇಜು ವಿದ್ಯಾರ್ಥಿಗಳು ಬಂದು, ಅಲ್ಲಿಯ ಆದಿವಾಸಿಗಳಾದ ಸೋಲಿಗರ ಪೋಡುಗಳಲ್ಲಿ, ಎಂದರೆ ಹಾಡಿಗಳಲ್ಲಿ, ಕೆಲವು ದಿನ ತಂಗಿ, ಕಾಡಿನ ಕೆಲಸಕ್ಕೆ ಕೈಜೋಡಿಸುವ ಪದ್ಧತಿಯನ್ನು ಮೆಚ್ಚುವವರಲ್ಲಿ ನಾನೂ ಒಬ್ಬನು. ಆದರೆ ಕಿತ್ತ ಕಳೆಯ ಲೆಕ್ಕ ಎಷ್ಟೇ ಇರಲಿ, ಅಲ್ಲಿ ಗುರುಪೀಠ ಯಾರದೆಂಬುದರಿಂದಲೇ ಆ ಪದ್ಧತಿಯ ಯೋಗ್ಯತೆಯನ್ನು ನಿರ್ಣಯಿಸಬೇಕೆಂದು ನನ್ನ ಮತ.

ಈ ಮಾತಿಗೆ ಆಧಾರವುಂಟು. ಒಣಗಿದೆಲೆಗೆ ಸೋಲಿಗರು ಹೊತ್ತರಿತು ಹಚ್ಚುತ್ತಿದ್ದ, ನೆಲದ ಮೇಲೆಯೇ ಹರಿದು ಬೇಗನೆ ನಂದುತ್ತಿದ್ದ ‘ತರಗು ಬೆಂಕಿ’ಯು 1974ರಲ್ಲಿ ಕಾಡು ಅಭಯಾರಣ್ಯವಾದ ಬಳಿಕ ನಿಷಿದ್ಧವಾಯಿತು. ಮುಂದೆ ಲಂಟಾನವೆಂಬ ಕಳೆಯ ಪೊದೆ ಅರಣ್ಯವನ್ನೆಲ್ಲ ಆವರಿಸುತ್ತ ಬಂದು, 1997ರಿಂದ 2008ರೊಳಗೆ ಅದರ ಹರವು ಇಮ್ಮಡಿಯಾದುದನ್ನು ವಿಜ್ಞಾನಿಗಳು ಅಳೆದು ತೋರಿಸಿದರು. ನೆಲ್ಲಿಮರಗಳನ್ನು ಬಂದಳಿಕೆ ಸೊರಗಿಸಿತು. ಬೆಂಕಿ ನಿಂತದ್ದೇ ಇದಕ್ಕೆಲ್ಲ ಮೂಲವೆಂದು ಸೋಲಿಗ ಹಿರಿಯರು ಹೇಳುತ್ತ ಬಂದ ಮಾತನ್ನು ವಿದ್ವಾಂಸರು ಗಂಭೀರವಾಗಿ ಪರಿಶೀಲಿಸತೊಡಗಿದುದು ಬಹಳ ತಡವಾಗಿ.

ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರಸ್ಥಾನಗಳಿಂದ ಕುಲಕುಲದ ‘ಎಲ್ಲೆ’ಯನ್ನು ಗುರುತಿಸುವ ಸೋಲಿಗರು ಸಂಶೋಧಕರೊಡಗೂಡಿ ರಚಿಸಿದ ನಕ್ಷೆಯು ಈ ಕ್ಷೇತ್ರದಲ್ಲಿ ಆದರ್ಶಪ್ರಾಯವಾದ ಕಾರ್ಯ. ಹೆಸರು ಹೇಳುವವನು ಅಲ್ಲಿಯವನು, ಬರೆದುಕೊಳ್ಳುವವನು ಹೊರಗಿನವನು. ವಿದ್ಯಾರ್ಥಿಗೆ ಒಪ್ಪುವ ಸ್ಥಾನವೂ ಆ ಬರೆದುಕೊಳ್ಳುವವನದೇ. ಈ ಕಾಡಿನಲ್ಲಿ ಸೋಲಿಗರ ಅಧಿಕಾರವನ್ನು ಕಾನೂನೂ ಮನ್ನಿಸಿದೆ: 2011ರಲ್ಲಿ, ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ವರ್ಷವೇ, ಇಲ್ಲಿಯ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇದು ದೇಶಕ್ಕೇ ಮೊದಲು. ಸೋಲಿಗರಲ್ಲಿಯೇ ಜನಿಸಿ ಡಾಕ್ಟರೇಟ್ ಪಡೆದ ಸಿ. ಮಾದೇಗೌಡರಂಥವರಿರುವಾಗ ಉಪಾಧ್ಯಾಯರನ್ನು ಪಟ್ಟಣದಿಂದ ಕರೆತರಬೇಕಾದ ಅಗತ್ಯವೂ ಇಲ್ಲ.

ಹೀಗಿದ್ದೂ ನಾನು ಕಂಡ ಒಂದು ಶಿಬಿರದಲ್ಲಿ ಹಗಲೆಲ್ಲ ಉಪನ್ಯಾಸಕರು ಪರದೆಯ ಮೇಲೆ ಚಿತ್ರ ತೋರಿಸಿ ಕಾಡನ್ನು ಬೋಧಿಸಿದರು. ಸೋಲಿಗ ಅಜ್ಜನೊಬ್ಬನನ್ನು ಸಂಜೆಗೆ ಗೊರುಗೊರುಕ ಹಾಡಲು ಮಾತ್ರ ಕರೆದರು. ಜೇನು ಕೀಳುವಾಗ ಮುಂದಿನ ವರ್ಷಕ್ಕೆಂದು ಏನನ್ನು ಉಳಿಸಬೇಕೆಂಬುದನ್ನು ಆತನಿಂದ ಯಾರೂ ಕೇಳಿ ತಿಳಿಯಲಿಲ್ಲ. ಆ ಹುಡುಗರು ಶ್ರದ್ಧಾವಂತರು, ಮೈಮುರಿದು ಲಂಟಾನ ಕಿತ್ತರು, ದೋಷವು ವ್ಯವಸ್ಥೆಯದು. ಅವರ ವರದಿ ಇಂಗ್ಲಿಷಿನಲ್ಲಿ ಸಿದ್ಧವಾಗಿ ಕಾಲೇಜಿನ ಕಪಾಟನ್ನು ಸೇರಿತೇ ಹೊರತು ಪೋಡಿಗೆ ಮರಳಲಿಲ್ಲ.

ಅಧ್ಯಾಪಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ವಿದ್ಯಾರ್ಥಿಗಳು ತಮ್ಮ ವರದಿಯನ್ನು ಕನ್ನಡದಲ್ಲಿ ಬರೆದು, ಗ್ರಾಮಸಭೆಯಲ್ಲಿ ಓದಿ, ಅಲ್ಲಿಯ ಹಿರಿಯರು ತಿದ್ದಿದ ಮೇಲೆಯೇ ಅದಕ್ಕೆ ಅಂಕ ಕೊಡಿರಿ.